ನಾಲ್ಕನೇ ಜ್ವರದ ಫೋಟೋಗಳು

ನಾನು ತೆಗೆದ ಫೋಟೋ ತೋರಿಸಿದರೆ ಜನ ಮೊದಲು ಮಾಡುವ ಕೆಲಸ ಫೋನನ್ನು ತಿರುಗಿಸುವುದು. ಉದ್ದಕ್ಕೆ ಹಿಡಿಯುತ್ತಾರೆ, ಅಡ್ಡಕ್ಕೆ ಹಿಡಿಯುತ್ತಾರೆ, ಕೊನೆಗೆ ತಮ್ಮ ತಲೆಯನ್ನೇ ಓರೆ ಮಾಡುತ್ತಾರೆ. ಆಮೇಲೆ ಬಹಳ ಮರ್ಯಾದೆಯಿಂದ, "ಚಂದ ಐತ್ರಿ... ಏನಿದು?" ಅನ್ನುತ್ತಾರೆ. ನನ್ನ ಗಂಡ ಮಾತ್ರ ಅಷ್ಟು ಕಷ್ಟ ತೆಗೆದುಕೊಳ್ಳುವುದಿಲ್ಲ. ಕೂಡ್ಲಿಗಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ನೋಡದೇನೇ "ಉಳ್ಳಾಗಡ್ಡಿ ಸಿಪ್ಪಿ" ಅಂದುಬಿಡುತ್ತಾರೆ. ಹತ್ತರಲ್ಲಿ ಆರು ಸಲ ಅದು ಈರುಳ್ಳಿ ಸಿಪ್ಪೆಯೇ ಆಗಿರುತ್ತದೆ.

ಇದೆಲ್ಲ ಶುರುವಾದದ್ದು ಮಗಳಿಂದ. ಹಾಸ್ಟೆಲಿನಿಂದ ಬರುವಾಗ ಅವಳು ಫೋನಿಗೆ ಸಿಕ್ಕಿಸುವ ಒಂದು ಪುಟ್ಟ ಲೆನ್ಸ್ ತಂದುಕೊಟ್ಟಳು. ಬಟ್ಟೆ ಒಣಹಾಕುವ ಕ್ಲಿಪ್ಪಿನ ತುದಿಗೆ ಒಂದು ಗಾಜಿನ ಗುಂಡಿ ಅಂಟಿಸಿದ ಹಾಗಿತ್ತು. "ಇದನ್ನ ಹಾಕ್ಕೊಂಡ್ರ ಇರುವಿ ಕಣ್ಣೂ ಕಾಣ್ತಾವ ಮಮ್ಮಿ" ಅಂದಳು. ಇರುವೆ ನಿಂತರೆ ತಾನೇ ಅದರ ಕಣ್ಣು ಕಾಣುವುದು. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರುಗಳು ನಮಗೆ ಎರಡು ಸಂಗತಿ ಗಟ್ಟಿಯಾಗಿ ಕಲಿಸಿದ್ದರು. ಯಾರನ್ನೂ ದಿಟ್ಟಿಸಿ ನೋಡಬಾರದು, ಮತ್ತು ಯಾರಿಗಾದರೂ ತೊಂದರೆ ಕೊಡುವ ಮುಂಚೆ 'ಎಕ್ಸ್‌ಕ್ಯೂಸ್ ಮಿ' ಅನ್ನಬೇಕು. ನಲವತ್ತಾರನೆಯ ವಯಸ್ಸಿನಲ್ಲಿ ಮೊದಲನೆಯದನ್ನು ಮುರಿದೆ, ಎರಡನೆಯದನ್ನು ಉಳಿಸಿಕೊಂಡೆ. ಹಿತ್ತಲಿನ ಕರಿಬೇವಿನ ಗಿಡದಲ್ಲಿದ್ದ ಕಂಬಳಿಹುಳಕ್ಕೆ ನಾನು 'ಎಕ್ಸ್‌ಕ್ಯೂಸ್ ಮಿ' ಅಂದದ್ದನ್ನು ಪಕ್ಕದ ಮನೆಯವರು ಗೋಡೆ ಮೇಲಿಂದ ಕೇಳಿಸಿಕೊಂಡಿದ್ದಾರೆ.

ಮೊದಲ ಆರು ತಿಂಗಳು ಮಾಡಿದ್ದೆಲ್ಲ ತಪ್ಪೇ. ತೀರಾ ಹತ್ತಿರ ಹೋದರೆ ಬೆಳಕಿಗೆ ನಾನೇ ಅಡ್ಡ. ಚಿತ್ರದ ಮೂಲೆಯಲ್ಲಿ ಬೀಳುತ್ತಿದ್ದ ಕಪ್ಪನ್ನು ಏನೋ ಕಲೆ ಅಂತ ಬಹಳ ದಿನ ಮೆಚ್ಚಿಕೊಂಡಿದ್ದೆ. ಅದು ನನ್ನ ತುರುಬಿನ ನೆರಳು. ಉಸಿರಾಡಿದರೆ ಚಿತ್ರ ಅಲುಗುತ್ತದೆ ಅಂತ ಉಸಿರು ಬಿಗಿಹಿಡಿದು, ಒಂದು ಸಲ ಬಚ್ಚಲ ಮೋರಿಯ ಪಕ್ಕದಲ್ಲಿ ಕಣ್ಣಿಗೆ ಕತ್ತಲೆ ಬಂದು ಕುಕ್ಕರಿಸಿಬಿಟ್ಟೆ. ರೊಟ್ಟಿಯ ಮೇಲಿನ ಕಪ್ಪು ಚುಕ್ಕೆ ತೆಗೆಯಲು ಹೋದರೆ ಲೆನ್ಸಿಗೆ ಹಬೆ ಹಿಡಿದು ಬರೀ ಮಂಜು ಬಂತು. ಅದನ್ನಾದರೂ ಅಳಿಸಿದೆನೇ? ಇಲ್ಲ. 'ಮುಂಜಾವು' ಅಂತ ಹೆಸರಿಟ್ಟೆ. ಅಷ್ಟರಲ್ಲಿ ಹಂಚಿನ ಮೇಲಿದ್ದ ರೊಟ್ಟಿಯ ಗತಿ ಹೇಳುವುದು ಬೇಡ. ಊಟಕ್ಕೆ ಕೂತ ಗಂಡ ತಟ್ಟೆ ನೋಡಿ, "ಮುಂಜಾವು ಸೀದೈತಿ" ಅಂದರು.

ಇಷ್ಟು ಹತ್ತಿರದಲ್ಲಿ ಲೆನ್ಸಿಗೆ ಸ್ಪಷ್ಟವಾಗಿ ಕಾಣುವ ಜಾಗ ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ. ಒಂದು ಎಳೆ ಹಿಡಿದರೆ ಉಳಿದದ್ದೆಲ್ಲ ಕರಗಿ ಬಣ್ಣವಾಗುತ್ತದೆ. ಯಾವ ಎಳೆ ಬೇಕು ಅಂತ ಮೊದಲೇ ನಿರ್ಧಾರ ಮಾಡಬೇಕು. ನನಗೋ ಎಲ್ಲವೂ ಬೇಕು. ಸೀರೆ ಅಂಗಡಿಯಲ್ಲೂ ನಾನು ಹಾಗೇ.

ಮಗಳೇ ನನ್ನನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದ್ದಳು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕಿನಲ್ಲಿ ಫೋಟೋ ಹುಚ್ಚು ಇರುವವರ ಗುಂಪು ಅದು. ಅದರ ಯಜಮಾನರು ಹರಪನಹಳ್ಳಿಯ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರು. ನನ್ನ ಹುಣಸೆಬೀಜ, ಸೋಪಿನ ನೊರೆ, ಈರುಳ್ಳಿ ಸಿಪ್ಪೆಗಳನ್ನು ಒಂದು ವರ್ಷ ಸಹಿಸಿಕೊಂಡು ಕೊನೆಗೆ ಫೋನು ಮಾಡಿದರು.

"ಮೇಡಂ, ಬೇಜಾರು ಮಾಡ್ಕೋಬ್ಯಾಡ್ರಿ. ನೀವು ಫೋಟೋ ತೆಗೀತಿಲ್ಲ, ಒಗಟು ಹಾಕ್ತಿದೀರಿ."

"ಅಂದ್ರೆ ಸರ್?"

"ನೋಡಿದ ಕೂಡ್ಲೇ 'ಏನಿದು' ಅಂತ ಕೇಳಿದ್ರೆ ಅದು ಒಗಟು. ಸ್ವಲ್ಪ ಹೊತ್ತು ಸುಮ್ನೆ ನೋಡ್ಕಂಡು ಆಮೇಲೆ ಕೇಳಿದ್ರೆ ಅದು ಚಿತ್ರ. ನಿಮ್ದು ಅಮೂರ್ತ ಚಿತ್ರ ಆಗ್ಬೇಕು. ಹೆಸರು ಮರೀಬೇಕು, ಗೆರೆ ಕಾಣ್ಬೇಕು. ಹತ್ರ ಹೋಗ್ರಿ. ಇನ್ನೂ ಹತ್ರ."

ಹತ್ತಿರ ಹೋಗು ಅಂತ ನನಗೆ ಹೇಳಬೇಕೇ? ಹರಪನಹಳ್ಳಿ ಹತ್ತಿರದ ಬಾಗಳಿಯ ಹಳೆಯ ಗುಡಿಗೆ ಗುಂಪಿನವರೆಲ್ಲ ಹೋದಾಗ ನಾನು ಕಲ್ಲಿಗೆ ಮೂಗು ಹಚ್ಚಿಕೊಂಡು ಪಾಚಿ ತೆಗೆದು ಬಂದೆ. ಮನೆಯಲ್ಲಿ ಇವರು ಎಲ್ಲ ಫೋಟೋ ಸರಿಸಿ ನೋಡಿದರು. "ಗುಡಿ ಎಲ್ಲೈತಿ?" ಅಂದರು. ಅಮೂರ್ತ ಅಂದರೇನು ಅಂತ ವಿವರಿಸಿದೆ. "ತಿಳೀತು ಬಿಡು. ಮೂರ್ತಿ ಇಲ್ಲದ್ದು. ಗುಡಿತನಕ ಹೋಗಿ ದೇವರ ಮುಖ ನೋಡದ ಬರೋದು."

ಕೊಟ್ಟೂರಿನ ಒಂದು ಕಾಲೇಜಿನ ಹಾಲಿನಲ್ಲಿ ಗುಂಪಿನ ಪ್ರದರ್ಶನ ಅಂತ ಆಯಿತು. ಒಬ್ಬೊಬ್ಬರು ಒಂದೇ ವಿಷಯದ ಐದು ಚಿತ್ರ ಕೊಡಬೇಕು. "ಈ ಸಲ ಈರುಳ್ಳಿ ಬ್ಯಾಡ ಮೇಡಂ" ಅಂತ ಮಾಸ್ತರು ನನಗೊಬ್ಬಳಿಗೇ ಬೇರೆ ಸಂದೇಶ ಕಳಿಸಿದರು. ಅದೇ ಚಿಂತೆಯಲ್ಲಿದ್ದಾಗ ಅಕ್ಕನಿಗೆ ಫೋನು ಮಾಡಿದೆ. ಅಕ್ಕ ಅಂದರೆ ನನ್ನ ನೆಗೆಣ್ಣಿ, ಇವರ ಅಣ್ಣನ ಹೆಂಡತಿ. ಕಾನಹೊಸಹಳ್ಳಿಯಿಂದ ಒಳಗೆ ಆಟೋದಲ್ಲಿ ಹೋಗುವ ಹಳ್ಳಿಯಲ್ಲಿ ರೇಷ್ಮೆಹುಳು ಸಾಕುತ್ತಾಳೆ.

"ಮಾತಾಡಾಕ ಪುರಸೊತ್ತಿಲ್ಲವಾ ತಂಗಿ. ಹುಳಕ್ಕ ನಾಲ್ಕನೇ ಜ್ವರ ಬಂದೈತಿ. ಆಮ್ಯಾಲ ಮಾಡ್ತೀನಿ," ಅಂತ ಇಟ್ಟುಬಿಟ್ಟಳು.

ಹೋದ ಬೆಳೆ ರೋಗ ಬಂದು ಪೂರ್ತಿ ಗುಂಡಿಗೆ ಹೋಗಿತ್ತು. ಹಿಪ್ಪುನೇರಳೆ ಕಿತ್ತು ಮೆಕ್ಕೆಜೋಳ ಹಾಕೋಣ ಅಂತ ಭಾವ ಅಂದಿದ್ದರು. ಅಕ್ಕ ಹಟ ಹಿಡಿದು, ಇದೊಂದು ಬೆಳೆ ನೋಡೋಣ, ಇದೂ ಕೆಟ್ಟರೆ ನೀವು ಹೇಳಿದಂತೆ ಆಗಲಿ ಅಂತ ಒಪ್ಪಿಸಿದ್ದಳು. ಆ ಬೆಳೆಗೆ ಈಗ ಜ್ವರ, ಅದೂ ನಾಲ್ಕನೆಯ ಸಲ! ಮೂರು ಸಲ ಬಂದಾಗ ನಾನು ವಿಚಾರಿಸಲೂ ಇಲ್ಲವಲ್ಲ ಅಂತ ನಾಚಿಕೆಯಾಯಿತು. ನಮ್ಮ ಕಡೆ ಜ್ವರ ಬಂದವರ ಮನೆಗೆ ಬರಿಗೈಲಿ ಹೋಗುವುದಿಲ್ಲ. ಮಾರನೆಯ ದಿನ ಒಂದು ಪೌಂಡು ಬ್ರೆಡ್ಡು, ಆರು ಮೋಸಂಬಿ ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಅಕ್ಕ ಬಾಗಿಲಲ್ಲೇ ಚೀಲ ಇಣುಕಿ ನೋಡಿದಳು. "ಯಾರಿಗವಾ ಬ್ರೆಡ್ಡು?"

"ಜ್ವರ ಅಂದ್ರಲ್ಲ ಅಕ್ಕ... ಹುಳಕ್ಕೆ."

ಅಕ್ಕ ಕಟ್ಟೆಯ ಮೇಲೆ ಕೂತು ಸೆರಗು ಬಾಯಿಗೆ ಇಟ್ಟುಕೊಂಡಳು. ಬಹಳ ಹೊತ್ತು ಅವಳ ಭುಜ ಮಾತ್ರ ಕುಣಿಯುತ್ತಿತ್ತು. "ಹುಳಕ್ಕ ಬ್ರೆಡ್ ತಂದಾಳಲ್ರೀ!" ಅಂತ ಒಳಗಿದ್ದ ಭಾವನಿಗೆ ಕೂಗಿದಳು. "ಮೋಸಂಬಿ ಹಿಂಡಿ ಕುಡಸ್ಲೇನು, ಇಲ್ಲಾ ಬಿಡಿಸಿ ತೊಳಿ ತೊಳಿ ಕೊಡ್ಲೇನು ಕೇಳ್ರಿ!"

ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು. ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆ ಎತ್ತಿ, ಒಂದೂವರೆ ದಿನ ಅಲ್ಲಾಡದೆ ಕೂರುತ್ತದೆ. ಅದಕ್ಕೇ ಜ್ವರ ಅನ್ನುವುದು. "ನಾಲ್ಕನೇದು ಎದ್ದವು ಅಂದ್ರ ಎಂಟು ದಿನ ತಿಂದು ಗೂಡು ಕಟ್ತಾವ. ಏಳಲಿಲ್ಲ ಅಂದ್ರ..." ಅಂತ ಹಿಪ್ಪುನೇರಳೆ ಹೊಲದ ಕಡೆ ನೋಡಿದಳು.

ಇಪ್ಪತ್ತೆರಡು ವರ್ಷ ಈ ಮನೆಯ ಸೊಸೆಯಾಗಿದ್ದು, ಇಷ್ಟು ಗೊತ್ತಿರಲಿಲ್ಲ. ಅದಕ್ಕೆ ನಾಚಿಕೊಳ್ಳಬೇಕಾದ ಹೊತ್ತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು: ಅಲ್ಲಾಡದೆ ಕೂರುತ್ತದೆ. ಎರಡು ವರ್ಷ ಇರುವೆ ಜೇಡಗಳ ಹಿಂದೆ ಓಡಿದವಳಿಗೆ, ಸಾವಿರಾರು ಹುಳು ತಲೆ ಎತ್ತಿ ಫೋಟೋಗೆ ಕೂತಿವೆ ಅಂದ ಹಾಗಾಯಿತು.

"ಅಕ್ಕ, ಒಳಗೆ ಬಿಡ್ತೀರೇನು? ಐದೇ ಫೋಟೋ."

ಹುಳದ ಮನೆಯೊಳಗೆ ಅಕ್ಕ ಯಾರನ್ನೂ ಬಿಡುವುದಿಲ್ಲ. ಬ್ರೆಡ್ಡಿಗೆ ನಕ್ಕ ನಗು ಇನ್ನೂ ಮುಖದಲ್ಲಿತ್ತಲ್ಲ, ಅದಕ್ಕೇ ಒಪ್ಪಿದಳು ಅಂತ ಕಾಣುತ್ತದೆ. ಮುಡಿದಿದ್ದ ಹಡಗಲಿ ಮಲ್ಲಿಗೆ ತೆಗೆಸಿದಳು. ಮುಖದ ಪೌಡರ್ ತೊಳೆಸಿದಳು. ವಾಸನೆ ಯಾವುದೂ ಹುಳಕ್ಕೆ ಆಗುವುದಿಲ್ಲವಂತೆ. ಬ್ಲೀಚಿಂಗ್ ಪುಡಿ ಹಾಕಿದ ನೀರಿನಲ್ಲಿ ಕೈಕಾಲು ತೊಳೆಸಿ, "ಒರೆಸ್ಕೊಂಡು ಇಲ್ಲೇ ಕುಂದ್ರು. ಒಳಗ ಸುಣ್ಣದ ಪುಡಿ ಉದುರ್ಸಿ ಕರೀತೀನಿ. ನೋಡು, ಬೇಕಾದಷ್ಟು ನೋಡು. ಮುಟ್ಟಬ್ಯಾಡ," ಅಂದು ಹೋದಳು.

ನಾನು ಕೂತೆ. ಲೆನ್ಸಿನ ಪುಟ್ಟ ಚೀಲ ಬಿಚ್ಚಿದೆ. ಆ ಚೀಲದಲ್ಲಿ ಲೆನ್ಸಿನ ಜೊತೆ ಯಾವಾಗಲೂ ಸೊಳ್ಳೆ ಕಡಿಯದಂತೆ ಹಚ್ಚುವ ಕ್ರೀಮಿನ ಟ್ಯೂಬು ಇರುತ್ತದೆ. ಹಿತ್ತಲಲ್ಲಿ ಗಂಟೆಗಟ್ಟಲೆ ಬಾಗಿ ಕೂರುವವಳಿಗೆ ಅದು ಬೇಕೇ ಬೇಕು. ಲೆನ್ಸ್ ತೆಗೆದೆ, ಕ್ರೀಮು ಹಚ್ಚಿದೆ, ಮೊಣಕೈ ತನಕ. ಕೈ ಮಾಡಿತು, ತಲೆಗೆ ಗೊತ್ತಾಗಲಿಲ್ಲ. ಬಳೆ ಹಿಂದೆ ಸರಿಸಿ ನೀಟಾಗಿ ಹಚ್ಚಿಕೊಂಡಿರಬೇಕು, ಕಾನ್ವೆಂಟಿನವಳಲ್ಲವೇ.

ಒಳಗೆ ಹಂತ ಹಂತವಾಗಿ ಅಟ್ಟ ಕಟ್ಟಿದ ಎರಡು ಸಾಲು. ಒಂದೊಂದು ಸಾಲಿಗೆ ನಾಲ್ಕು ಅಟ್ಟ, ಪ್ರತಿ ಅಟ್ಟದ ಉದ್ದಕ್ಕೂ ಕಡ್ಡಿ, ಸೊಪ್ಪು, ಅದರ ಮೇಲೆ ಬೆಳ್ಳಗೆ ಸುಣ್ಣ ಹೊದ್ದ ಹುಳುಗಳು. ಎಲ್ಲವೂ ತಲೆ ಎತ್ತಿ, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಆಮೇಲೆ ನಾನು ಏನನ್ನೂ ಹಾಗೆ ಒಟ್ಟಿಗೆ ನೋಡಲಿಲ್ಲ. ಲೆನ್ಸ್ ಸಿಕ್ಕಿಸಿದೆ, ಬಾಗಿದೆ, ಮೊಣಕೈ ಊರಿದೆ. ಹುಳುವಿನ ಮಡಿಕೆ ಮಡಿಕೆ ಮೈ ಕಂಡಿತು. ನೆನೆಸಿದ ಅಕ್ಕಿಯ ಬಣ್ಣದ ಗುಡ್ಡಗಳು, ನಡುವೆ ತಿಳಿ ನೀಲಿ ಕಣಿವೆ. ಒಂದು ಹುಳು ಸ್ವಲ್ಪ ಓರೆಯಾಗಿತ್ತು. ಗೆರೆ ಕೂಡಲಿ ಅಂತ ಬೆರಳ ತುದಿಯಿಂದ ಒಂಚೂರು, ಒಂದೇ ಒಂಚೂರು, ಸರಿಸಿದೆ. 'ಎಕ್ಸ್‌ಕ್ಯೂಸ್ ಮಿ' ಅಂದದ್ದಂತೂ ನೆನಪಿದೆ. ಐದು ಅಂದವಳು ಎಂಬತ್ತೆರಡು ತೆಗೆದೆ.

ಸಂಜೆ ಕೂಡ್ಲಿಗಿಗೆ ಬಂದು, ಚಹಾಕ್ಕೂ ಇಡದೆ, ಒಂದನ್ನು ಆರಿಸಿ ಗುಂಪಿಗೆ ಹಾಕಿದೆ. ಬಿಳಿ ಪುಡಿಯ ಮೇಲೆ ಒಂದರ ಹಿಂದೊಂದು ಬಾಗಿದ ಅಲೆಗಳು, ಅಂಚಿನಲ್ಲಿ ಎಣ್ಣೆಯಂಥ ಹೊಳಪು. ಮಾಸ್ತರು ಐದು ನಿಮಿಷ ಏನೂ ಬರೆಯಲಿಲ್ಲ. ಆಮೇಲೆ ಫೋನೇ ಬಂತು.

"ಮೇಡಂ, ಇವತ್ತು ನಾನು 'ಏನಿದು' ಅಂತ ಕೇಳ್ಲಿಲ್ಲ ನೋಡ್ರಿ. ಸುಮ್ನೆ ನೋಡ್ತಾ ಕೂತಿದ್ದೆ. ಬಾಗ್ಲಲ್ಲೇ ಇದನ್ನ ಹಾಕಣ. ಅಲೆ ಹೆಂಗೈತೆ ಅಂತೀನಿ!"

ಎರಡು ವರ್ಷದಲ್ಲಿ ಮೊದಲ ಮೆಚ್ಚುಗೆ. ಗಂಡನ ಮುಖಕ್ಕೆ ಫೋನು ಹಿಡಿದೆ. "ಹೇಳ್ರಿ ಈಗ, ಇದೂ ಉಳ್ಳಾಗಡ್ಡಿನಾ?"

ಕನ್ನಡಕ ಮೇಲೆ ಮಾಡಿ ನೋಡಿದರು. ಮೇಜಿನ ಮೇಲಿದ್ದ ಸೀಮೆಸುಣ್ಣದ ಧೂಳಿಗೆ ಹೆಬ್ಬೆರಳು ಒತ್ತಿ, ಎತ್ತಿ, "ಇದ ಅಲ್ಲೇನು?" ಅಂದರು.

ಬೆರಳಿನ ಗುರುತು. ಬಿಳಿ ಧೂಳಿನಲ್ಲಿ ಒಂದರ ಹಿಂದೊಂದು ಬಾಗಿದ ಅಲೆಗಳು. ಐದು ತಾಲೂಕು ಮೆಚ್ಚಿದ ನನ್ನ ಅಮೂರ್ತ ಚಿತ್ರ, ಸುಣ್ಣದ ಮೇಲೆ ಬಿದ್ದ ನನ್ನದೇ ಬೆರಳು. ಅಕ್ಕ ಮುಟ್ಟಬೇಡ ಅಂದಿದ್ದಳು. ಆ ಎಣ್ಣೆಯ ಹೊಳಪೇನು ಅಂತ ಆಮೇಲೆ ಯೋಚಿಸಿದೆ. ಬೆರಳು ಮೂಗಿನ ಹತ್ತಿರ ತಂದೆ. ನಿಂಬೆಹಣ್ಣಿನ ವಾಸನೆ. ಸೊಳ್ಳೆಯನ್ನು ಓಡಿಸುವ ಔಷಧಿಯನ್ನು ಮೊಣಕೈ ತನಕ ಬಳಿದುಕೊಂಡು ನಾನು ಹುಳುಗಳ ಹಾಸಿಗೆಯ ಮೇಲೆ ಒರಗಿದ್ದೆ.

ಹೇಳದೇ ಇರಬಹುದಿತ್ತು. ಆ ಯೋಚನೆ ಬರಲಿಲ್ಲ ಅಂದರೆ ಸುಳ್ಳು. ಬಂತು, ಬಾಗಿಲ ಹತ್ತಿರ ಒಂದು ಕ್ಷಣ ನಿಂತಿತ್ತು. ಹುಳು ಸತ್ತರೆ ರೋಗ ಅಂದುಕೊಳ್ಳುತ್ತಾರೆ. ಆಮೇಲೆ ಭಾವ ಹಿಪ್ಪುನೇರಳೆ ಕೀಳಿಸುತ್ತಾರೆ. ಅಕ್ಕ ತನ್ನ ಕೈಗುಣವೇ ಸರಿಯಿಲ್ಲ ಅಂದುಕೊಂಡು ಮೆಕ್ಕೆಜೋಳ ಕೊಯ್ಯುತ್ತಾಳೆ. ಫೋನು ಮಾಡಿದೆ. ಬೆರಳಿನದು, ಕ್ರೀಮಿನದು, ಎಲ್ಲ ಹೇಳಿದೆ.

ಬಯ್ಯುತ್ತಾಳೆ ಅಂತ ಕಾದೆ. ಬಯ್ಯಲಿಲ್ಲ.

"ಯಾವ ಅಟ್ಟ?"

"ಅಂದ್ರೆ?"

"ಯಾವ ಅಟ್ಟಕ್ಕ ಕೈ ಊರಿದ್ದಿ? ಎಡಗಡಿದೋ ಬಲಗಡಿದೋ? ಮ್ಯಾಲಿಂದ ಎಷ್ಟನೇದು? ಅಷ್ಟು ಹುಳ ಬ್ಯಾರೆ ಮಾಡಿದ್ರ ಉಳಿದದ್ದು ಉಳೀತಾವ. ಜಲ್ದಿ ಹೇಳು. ಫೋಟೋ ತಗದೀಯಲ್ಲ, ನೋಡಿ ಹೇಳು."

ನೋಡಿದೆ. ಎಂಬತ್ತೆರಡು ಫೋಟೋ ಒಂದೊಂದಾಗಿ ಸರಿಸಿದೆ. ಗುಡ್ಡ, ಕಣಿವೆ, ಮಡಿಕೆ, ಅಲೆ. ಒಂದರಲ್ಲೂ ಅಟ್ಟದ ಕಂಬ ಇಲ್ಲ. ಕಿಟಕಿ ಇಲ್ಲ, ಗೋಡೆ ಇಲ್ಲ. ಒಂದು ಇಡೀ ಹುಳು ಕೂಡ ಇಲ್ಲ. ಎಡವೋ ಬಲವೋ ಹೇಳುವ ಒಂದು ಕಡ್ಡಿ ಇಲ್ಲ. ಇವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಈ ಸಲ "ಗುಡಿ ಎಲ್ಲೈತಿ" ಅನ್ನಲಿಲ್ಲ. ಅಂದಿದ್ದರೂ ಬೇಸರವಾಗುತ್ತಿರಲಿಲ್ಲ.

"ನಿಂತಾಗ ಬೆಳಕು ನನ್ನ ಎಡಕ್ಕಿತ್ತು ಅಕ್ಕ," ಅಂದೆ. ನನಗೆ ಹೇಳಲು ಇದ್ದದ್ದು ಅಷ್ಟೇ.

"ಎರಡೂ ಕಡಿ ಕಿಟಕಿ ಅದಾವವಾ," ಅಂದಳು ಅಕ್ಕ. ಆಮೇಲೆ, "ಎದಿ ಮಟ್ಟದ್ದೋ ಸೊಂಟದ ಮಟ್ಟದ್ದೋ?"

"ಸೊಂಟದ್ದು. ಬಾಗಿದ್ದೆ, ಬೆನ್ನು ಈಗಲೂ ನೋಯ್ತೈತಿ."

ನಲವತ್ತೆಂಟು ವರ್ಷದ ಬೆನ್ನಿನ ನೋವು ಎಂಬತ್ತೆರಡು ಫೋಟೋಗಿಂತ ಹೆಚ್ಚು ಹೇಳಿತು. ಅಕ್ಕ ಅಂದೇ ಎರಡೂ ಸಾಲಿನ ಸೊಂಟದ ಮಟ್ಟದ ಅಟ್ಟಗಳನ್ನು, ಹುಳು ಅಲ್ಲಾಡದ ಹಾಗೆ, ಹಾಸಿಗೆ ಸಮೇತ ಎತ್ತಿಸಿ ಪಡಸಾಲೆಗೆ ಸಾಗಿಸಿದಳು. ಎಂಟರಲ್ಲಿ ಎರಡು ಅಟ್ಟ. ನನ್ನ ಒಂದು ಬೆರಳಿಗೆ ಅಷ್ಟು.

ಬೆಳಗಿನ ಮೊದಲ ಬಸ್ಸಿಗೆ ಹೋದೆ. ಈ ಸಲ ಬ್ರೆಡ್ಡು ಇಲ್ಲ. ಕೈಯನ್ನು ಮನೆಯಲ್ಲೇ ಮೂರು ಸಲ ತೊಳೆದು, ಅಲ್ಲಿ ಮತ್ತೆ ಎರಡು ಸಲ ತೊಳೆದು, ಪಡಸಾಲೆಯ ಹೊಸ್ತಿಲಿನ ಹೊರಗೇ ಕೂತೆ. ಯಾರೂ ಕೂರು ಅನ್ನಲಿಲ್ಲ, ಏಳು ಅಂತಲೂ ಅನ್ನಲಿಲ್ಲ. ಭಾವ ಒಂದು ಸಲ ಬಂದು ಗಂಟಲು ಸರಿ ಮಾಡಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಹುಳದ ಮನೆಯಿಂದ ಹೊರಗೆ ಬಂದಳು.

"ಒಳಗಿನವು ಎದ್ದಾವ."

ಅಷ್ಟು ಹೇಳಿ ಪಡಸಾಲೆಗೆ ಹೋದಳು. ನಾನು ಹೊಸ್ತಿಲಿನಿಂದಲೇ ಕತ್ತು ಚಾಚಿದೆ. ಎಡಸಾಲಿನ ಹಾಸಿಗೆ ಪೂರ್ತಿ ಅಲುಗುತ್ತಿತ್ತು, ಪೊರೆ ಬಿಟ್ಟ ಹುಳುಗಳು ಹಸಿದು ತಲೆ ಆಡಿಸುತ್ತಿದ್ದವು. ಬಲಸಾಲಿನದೂ ಅಲುಗುತ್ತಿತ್ತು, ನಡುವೆ ಒಂದು ಕಡೆ ಬಿಟ್ಟು. ಅಲ್ಲಿ ಎರಡು ಉದ್ದನೆಯ ಪಟ್ಟಿ, ಅವುಗಳ ಮುಂದೆ ತಟ್ಟೆಯಗಲದ ಒಂದು ಮಚ್ಚೆ, ಅಲುಗಾಟವಿಲ್ಲ. ಎರಡು ಮೊಣಕೈ, ಮುಂದೆ ಕೈ. ನಾನು ತೆಗೆಯದೇ ಬಂದ ದೂರದ ಫೋಟೋವನ್ನು ಹುಳುಗಳು ಸತ್ತು ತೋರಿಸಿದ್ದವು.

"ನೋಡು, ನಿನ್ನ ಅಳತಿ ಬರೋಬ್ಬರಿ ತಗದಾವ," ಅಂದಳು ಅಕ್ಕ. ಆ ಮಾತಿನಲ್ಲಿ ಸಿಟ್ಟೂ ಇತ್ತು, ಹಗುರವೂ ಇತ್ತು. ಯಾವುದು ಎಷ್ಟು ಅಂತ ಕೇಳುವ ಮುಖ ನನಗಿರಲಿಲ್ಲ. ಸತ್ತವನ್ನು ನಾನೇ ಮೊರಕ್ಕೆ ತೆಗೆದೆ. ಹಿತ್ತಲಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆ. ಮುಗಿಸಿ ಬಂದಾಗ ಅಕ್ಕ ಸೊಪ್ಪಿನ ಹೊರೆ ತೋರಿಸಿ, "ನಿಂತ್ಕೊಂಡು ಏನ್ ನೋಡ್ತಿ? ಎತ್ತು. ಹಸದಾವ," ಅಂದಳು. ಅದು ಕ್ಷಮೆಯೋ ಶಿಕ್ಷೆಯೋ ಗೊತ್ತಾಗಲಿಲ್ಲ. ಎತ್ತಿದೆ.

ಮಾಸ್ತರಿಗೆ ನಡೆದದ್ದನ್ನೆಲ್ಲ ಹೇಳಿ, ಆ ಚಿತ್ರ ಬೇಡ ಅಂದೆ. "ಬೆರಳಿನ ಗುರುತಾ? ಹಂಗಾದ್ರೆ ಇನ್ನೂ ಅಮೂರ್ತ ಆತಲ್ರಿ!" ಅಂದರು. ಸಾಕು ಸರ್ ಅಂದೆ. ಕೊಟ್ಟೂರಿನ ಹಾಲಿನಲ್ಲಿ ನನ್ನ ಐದು ಚಿತ್ರ ಇದ್ದವು. ಐದೂ ಈರುಳ್ಳಿ. ಜನ ತಲೆ ಓರೆ ಮಾಡಿ ನೋಡಿದರು.

ಹುಳು ಎದ್ದ ಎರಡು ವಾರಕ್ಕೆ ಅಕ್ಕನೇ ಫೋನು ಮಾಡಿದಳು. ಹುಳು ಮೇವು ಬಿಟ್ಟು ಹಣ್ಣಾಗಿ, ಚಂದ್ರಿಕೆ ಅನ್ನುವ, ಸುರುಳಿ ಸುತ್ತಿದ ಬಿದಿರಿನ ತಟ್ಟಿಗಳಿಗೆ ಹತ್ತಿ, ಗೂಡು ಕಟ್ಟಿ ಮುಗಿಸಿವೆ. ನಾಳೆ ಬಿಡಿಸುತ್ತಾರೆ. "ಬಾ. ಫೋನು ತಗೊಂಡು ಬಾ. ಆ ಗುಂಡಿ ಗಾಜು ಬಿಟ್ಟು ಬಾ. ನಿಮ್ಮ ಭಾವ ಮತ್ತ ಮೆಕ್ಕೆಜೋಳ ಅಂದ್ರ ತೋರ್ಸಾಕ ನನಗೊಂದು ಫೋಟೋ ಬೇಕು. ಎಲ್ಲಾ ಕಾಣಂಗ."

ಚಂದ್ರಿಕೆಗಳನ್ನು ಗೋಡೆಗೆ ಸಾಲಾಗಿ ಒರಗಿಸಿದ್ದರು. ಒಂದೊಂದರ ಸುತ್ತಿನಲ್ಲೂ ಒತ್ತೊತ್ತಾಗಿ ಬೆಳ್ಳನೆಯ ಗೂಡು. ಅಕ್ಕ ಸೆರಗು ಸರಿ ಮಾಡಿಕೊಂಡು ನಡುವೆ ನಿಂತಳು. ನಾನು ಫೋನು ಹಿಡಿದೆ. ಒಂದು ಚಂದ್ರಿಕೆ ಮಾತ್ರ ಬಂತು. ಹಿಂದೆ ಸರಿದೆ. ಎರಡು ಬಂದವು, ಅಕ್ಕ ಅರ್ಧ ಬಂದಳು. "ಇನ್ನೂ ಹಿಂದ ಹೋಗು," ಅಂದಳು. ಇನ್ನೂ ಹಿಂದೆ. ಗೋಡೆ ಬೆನ್ನಿಗೆ ತಾಗಿತು. ಬಾಗಿಲು ದಾಟಿದೆ, ಕಟ್ಟೆ ಇಳಿದೆ, ಅಂಗಳದಲ್ಲಿ ನಿಂತೆ. ಎಲ್ಲ ಬಂದವು. ತೆಗೆದೆ.

ಅಕ್ಕ ಫೋನು ಇಸಿದುಕೊಂಡಳು. ತಿರುಗಿಸಲಿಲ್ಲ. "ಸೊಟ್ಟ ಐತಿ," ಅಂದಳು. ಆಮೇಲೆ ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸಿದಳು. ತನ್ನ ಮುಖ ನೋಡಿಕೊಳ್ಳುತ್ತಾಳೇನೋ ಅಂದುಕೊಂಡೆ. ಮುಖ ದಾಟಿ ಹೋದಳು. ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು, ಎಡಗಡೆಯ ಮೂರನೆಯ ಚಂದ್ರಿಕೆ, ಅದರ ಕೆಳಸುತ್ತು, ಕೊನೆಗೆ ತೆರೆಯ ತುಂಬ ಒಂದೇ ಒಂದು ಗೂಡು.

"ಇಲ್ಲಿ ನೋಡು. ಎರಡು ಹುಳ ಕೂಡಿ ಒಂದ ಗೂಡು ಕಟ್ಯಾವ. ಇದು ನೂಲಿಗೆ ಬರಂಗಿಲ್ಲ," ಅಂತ ಫೋನು ನನ್ನ ಕೈಗೆ ತುರುಕಿ, ಅದನ್ನು ಕಿತ್ತು ಹಾಕಲು ಒಳಗೆ ಹೋದಳು.